ಪಿಕಪ್ಪಿನ ಹೊಸ ಮಾಡ್ಯೂಲ್ ನೀನೇ ಕೂರಿಸು

ತಂಗೀ,

ಪಿಕಪ್ಪಿನ ಇಂಜಿನ್ ನಡೆಸುವ ಹೊಸ ಕಂಟ್ರೋಲ್ ಮಾಡ್ಯೂಲ್ ಊಟದ ಮೇಜಿನ ಮೇಲಿದೆ. ಮೊದಲು ಬ್ಯಾಟರಿ ವೈರ್ ಬಿಚ್ಚು, ಆಮೇಲೆ ಹಳೆಯದನ್ನು ಮುಟ್ಟು. ಕೀ ಕೋಡಿಂಗ್ ಮಾಡಿ ಹೊಸದಕ್ಕೆ ಕೀ ಗುರುತು ಹಿಡಿಸದಿದ್ದರೆ ಗಾಡಿ ಸ್ಟಾರ್ಟ್ ಆಗಲ್ಲ. ನಿನಗೆ ಗೊತ್ತಿರುತ್ತೆ ಬಿಡು.

ನಾನು ಮೂರು ದಿನ ಒಂದೊಂದೇ ಸೆನ್ಸರ್ ಬದಲಿಸುತ್ತ ಕೂತೆ. ನೀನು ಬಂದು ಹತ್ತೇ ನಿಮಿಷದಲ್ಲಿ ಮಾಡ್ಯೂಲೇ ಕೆಟ್ಟಿದೆ ಅಂದೆ. ಅವತ್ತಿನಿಂದ ಅಪ್ಪ ಗ್ಯಾರೇಜಿಗೆ ಬಂದವರಿಗೆಲ್ಲ, "ನನ್ನ ಮಗಳ ಕೈಗುಣ ನೋಡ್ರಪ್ಪ" ಅಂತಿದ್ದಾರೆ. ಹದಿನೈದು ವರ್ಷ ಅಲ್ಲೇ ಗ್ರೀಸ್ ಮೆತ್ತಿಕೊಂಡ ನನಗೆ ಒಂದು ದಿನವೂ ಭೇಷ್ ಅಂದಿಲ್ಲ. ಹೊಟ್ಟೆ ಉರಿಯುತ್ತೆ ಕಣೇ, ಸುಳ್ಳು ಯಾಕೆ ಹೇಳಲಿ.

ಗಾಡಿ ಸ್ಟಾರ್ಟ್ ಆದಾಗ ಅವರ ಮುಖ ನೋಡೋಕಾಗಲ್ಲ, ಅದಕ್ಕೇ ಬೇಗ ಹೊರಟೆ. ಹಳೆಯದರ ಬೋಲ್ಟುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ನಿನ್ನ ಕೈಗೆ ಗಾಯವಾದೀತು ಅಂತ ಸಡಿಲ ಮಾಡಿಟ್ಟಿದ್ದೀನಿ. ಇದೊಂದನ್ನು ಮರೆಯದೆ ಅಪ್ಪನ ಕಿವಿಗೆ ಹಾಕು.

ಅಣ್ಣ