ವಜೀರ ಸತ್ತದ್ದು ಮತ್ತು ನಿಮ್ಮ ಮನೆಯ ಕವಡೆ

ಶಹಾಪುರ

ಪ್ರಿಯ ಅಯ್ಯಣ್ಣನವರಿಗೆ,

ಕಾಲುವೆಗೆ ನೀರು ಬಿಟ್ಟ ದಿನದಿಂದ ಈ ಸೀಮೆ ಕಾಣದಂಥ ಘಟನೆಯೊಂದನ್ನು ಘನಗಂಭೀರವಾಗಿ ಪ್ರಕಟಿಸುತ್ತಿದ್ದೇನೆ: ನಿನ್ನೆ ಚದುರಂಗದಲ್ಲಿ ನನ್ನ ಕಂಪ್ಯೂಟರು ತನ್ನ ವಜೀರನನ್ನು ನನ್ನ ಕಾಲಾಳಿಗೆ ಪುಕ್ಕಟೆ ಕೊಟ್ಟಿತು.

ನಿಮಗೆ ಕಕ್ಕೇರಾಕ್ಕೆ ವರ್ಗವಾದ ಮೇಲೆ ಎದುರು ಕೂರುವವರಿಲ್ಲದೆ ಅದಕ್ಕೆ ನಾನೇ ಚದುರಂಗ ಕಲಿಸಿದೆ. ಯಾವ ಕಾಯಿ ಯಾವ ಮನೆಯಲ್ಲಿದೆ ಎಂಬುದಕ್ಕೆ ಒಂದೊಂದು ಅಂಕಿ. ಅವನ್ನೆಲ್ಲ ಬೆರೆಸಿ ಅದು ಹಿಂದೆ ಕಂಡ ಆಟದ ಗುರುತು ಹಿಡಿಯುತ್ತದೆ. ಆ ಅಂಕಿಗಳಿಗೆ ತಾಳಮೇಳ ಇರಕೂಡದು, ಇದ್ದರೆ ಬೇರೆ ಬೇರೆ ಆಟಕ್ಕೂ ಒಂದೇ ಗುರುತು ಬಂದುಬಿಡುತ್ತದೆ. ನಾನು ಕೈಗೆ ಸಿಕ್ಕ, ಕಾಲುವೆಯ ನೀರಿನ ಮಟ್ಟ ತೋರುವ ಗೇಜಿನ ಅಂಕಿಗಳನ್ನೇ ತುಂಬಿದ್ದೆ. ನೀರು ಸರದಿಯಂತೆ ಬರುತ್ತದೆ, ಅಂಕಿಗಳೂ ಸರದಿಯಂತೆ ಮರಳಿ ಬಂದವು. ಪಾಪ, ಯಂತ್ರಕ್ಕೆ ಸೋಲುವ ಆಟ ಹಿಂದೆ ಗೆದ್ದ ಆಟದಂತೆಯೇ ಕಂಡಿತು.

ನಾನೇ ಕವಡೆ ಎಸೆದು ಹೊಸ ಅಂಕಿ ಮಾಡಬಹುದಿತ್ತು. ಆದರೆ ನಿಮ್ಮ ತಾಯಿ ಮಾನಮ್ಮನವರು ಒಮ್ಮೆ ಚೌಕಾಬಾರ ಆಡುವಾಗ, "ಲೇ ಮರಿಲಿಂಗ್ಯಾ, ಬೇಕಾದ ಗರ ಬೀಳೂತನಕ ಒಗ್ಯಾವ ನೀ!" ಎಂದು ನನ್ನ ಕೈಯಿಂದ ಕವಡೆ ಕಸಿದಿದ್ದರು.

ಆದ್ದರಿಂದ ಅವರ ಕವಡೆಗಳನ್ನು ನೀವೇ ಎಸೆಯಿರಿ. ಅಂಗಾತ ಬಿದ್ದದ್ದಕ್ಕೆ ಒಂದು, ಬೋರಲು ಬಿದ್ದದ್ದಕ್ಕೆ ಸೊನ್ನೆ ಎಂದು ಸಾಲಾಗಿ ಬರೆದು ಕಳುಹಿಸಿ, ಒಂದು ಸಾಲು ಸೇರಿ ಯಂತ್ರಕ್ಕೆ ಒಂದು ಅಂಕಿ. ಎಲ್ಲವನ್ನೂ ಒಂದೇ ಲಕೋಟೆಯಲ್ಲಿ ತುರುಕಬೇಡಿ. ದಿನಕ್ಕೊಂದು ಕಾರ್ಡು, ಕಾರ್ಡಿಗೊಂದು ಸಾಲು ಸಾಕು. ಮಿಕ್ಕ ಜಾಗದಲ್ಲಿ ಏನಾದರೂ ಬರೆಯಿರಿ, ಯಂತ್ರದ ಅಭ್ಯಂತರವಿಲ್ಲ.

ಇಂತಿ,
ಗೇಜು ಓದುವ ಮರಿಲಿಂಗಪ್ಪ