ಬೇವು ಭಟ್ಟಿಗೆ, ಪುಡಿ ಹಲಗೆ ಶಾಲೆಗೆ

ಶಾಲೆಗಳಿಗೆ ಡೆಸ್ಕು ಕೊಳ್ಳುವ ಅಧಿಕಾರ ಹೊತ್ತಿರುವ ಮಾನ್ಯರೇ,

ನಿಮ್ಮ ಕಚೇರಿ ಕಳುಹಿಸಿದ ಡೆಸ್ಕು ಕಳಚಿಬಿದ್ದು ನನ್ನ ನಾಲ್ಕನೇ ತರಗತಿಯ ಅನುಷಾಳ ಕೈ ಮುರಿದಿದೆ. ಆ ಬಗ್ಗೆ ಕಳುಹಿಸಿದ ವರದಿಗೆ ಬಂದ ನಿಮ್ಮ ಉತ್ತರದಲ್ಲಿ ಕಾರಣವೂ ಇದೆ: 'ಮಕ್ಕಳು ಅತಿಯಾಗಿ ಅಲುಗಾಡಿದ್ದರಿಂದ.' ಒಂಬತ್ತು ವರ್ಷದ ಮಕ್ಕಳು ಅಲುಗಾಡುತ್ತಾರೆ ಎಂಬ ಸಂಗತಿ ಇಲಾಖೆಯ ಗಮನಕ್ಕೆ ಈಗಷ್ಟೇ ಬಂದಿರಬೇಕು. ಆ ಡೆಸ್ಕು ನಮ್ಮ ಶಾಲೆಗೆ ಹೇಗೆ ಬಂತು ಎಂಬುದು ಮಾತ್ರ ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿಲ್ಲದವರಿಗಾಗಿ ಬರೆಯುತ್ತಿದ್ದೇನೆ.

ಹೋದ ವರ್ಷ ರಸ್ತೆ ಅಗಲ ಮಾಡುವಾಗ ಶಾಲೆಯ ಮುಂದಿನ ಹನ್ನೊಂದು ಬೇವಿನ ಮರಗಳು ಉರುಳಿದವು. ಹೋಗುವ ಮರ ಹೇಗೂ ಹೋಯಿತು, ಅದರಲ್ಲೇ ಡೆಸ್ಕು ಮಾಡೋಣ ಎಂದವರು ನಮ್ಮೂರ ಬಡಗಿ ಜಂಪಣ್ಣನವರು. ಮನೆಯಲ್ಲಿ ಒಣಗಿಸಿಟ್ಟಿದ್ದ ಹಳೆಯ ಬೇವಿನ ಹಲಗೆಯಲ್ಲಿ ಮಾದರಿಗೊಂದು ಡೆಸ್ಕು ಮಾಡಿ, ಗೂಡ್ಸ್ ಆಟೋದಲ್ಲಿ ಹೇರಿಕೊಂಡು, ನನ್ನೊಂದಿಗೆ ಚಿತ್ರದುರ್ಗದ ನಿಮ್ಮ ಕಚೇರಿಗೆ ಬಂದರು. ನೀವು ಎದ್ದು ಬಂದು ನೋಡಲಿಲ್ಲ.

"ಸಾರ್, ಒಂದ್ಸಲ ಕುಂತ್ಕಂಡು ನೋಡ್ರಿ. ಈಗ್ಲೇ ಸೀಳಿ ನೆರಳಲ್ಲಿ ಒಣಗಿಸಿದ್ರೆ ಮುಂದಿನ ವರ್ಷಕ್ಕೆ ಇಡೀ ಇಸ್ಕೂಲಿಗೆ ಆಗ್ತೈತೆ. ಗೆದ್ದಲೂ ಅಷ್ಟು ಸಲೀಸಾಗಿ ಹತ್ತಲ್ಲ."

"ಡೆಸ್ಕಿಗೆ ಮಂಜೂರಾದ ಮರಗಳ ಪಟ್ಟಿಯಲ್ಲಿ ಬೇವು ಇಲ್ಲಪ್ಪ," ಎಂದಿರಿ.

"ಪಟ್ಟಿ ಬರ್ದೋರು ಯಾರು ಸಾರ್?"

ಅವರು ಕುಚೋದ್ಯಕ್ಕೆ ಕೇಳಲಿಲ್ಲ. ಬರೆದವರಿಗೂ ಡೆಸ್ಕು ತೋರಿಸಿ ಬರಬೇಕೆಂದಿದ್ದರು. ನೀವು ಜವಾನನನ್ನು ಕರೆದು ನಮ್ಮನ್ನು ಹೊರಗೆ ಕಳುಹಿಸಿದಿರಿ.

ಆ ವಾರವೇ ದಿಮ್ಮಿಗಳು ಸೌದೆಯೆಂದು ಹರಾಜಾಗಿ ಇಟ್ಟಿಗೆ ಭಟ್ಟಿ ಸೇರಿದವು. ಕೆಲವು ತಿಂಗಳ ಮೇಲೆ ಬೇರೆ ರಾಜ್ಯದಿಂದ ಲಾರಿಯಲ್ಲಿ ಡೆಸ್ಕುಗಳು ಬಂದವು. ಮರದ ಪುಡಿಯನ್ನು ಅಂಟು ಹಾಕಿ ಒತ್ತಿದ ಬೋರ್ಡು, ಮೇಲೆ ತೇಗದ ಚಿತ್ರದ ಹಾಳೆ, ಅದರ ಮೇಲೆ 'ಪರಿಸರಸ್ನೇಹಿ' ಎಂಬ ಹಸಿರು ಚೀಟಿ. ಯಾವ ಪರಿಸರದ ಸ್ನೇಹ, ಮಾನ್ಯರೇ? ಅಂಗಳದ ಮರವನ್ನು ಸುಟ್ಟು, ಸಾವಿರ ಮೈಲಿಯಾಚೆಯ ಪುಡಿಯನ್ನು ಡೀಸೆಲ್ ಸುಟ್ಟು ತರಿಸುವುದಕ್ಕೆ ಇಲಾಖೆಯ ಭಾಷೆಯಲ್ಲಿ ಸ್ನೇಹ ಎನ್ನುತ್ತಾರೆಯೇ? ಮೊದಲ ಮಳೆಯ ಎರಚಲಿಗೇ ಬೋರ್ಡು ಉಬ್ಬಿತು, ಸ್ಕ್ರೂ ಸಡಿಲವಾಯಿತು. ಎರಡು ಪತ್ರ ಬರೆದೆ. ನೀವು ಒಂದಕ್ಕೂ ಉತ್ತರಿಸಲಿಲ್ಲ. ಅಷ್ಟರಲ್ಲಿ ಅನುಷಾ ಕೂತಿದ್ದ ಹಲಗೆ ಕಳಚಿತು.

ಆಸ್ಪತ್ರೆಯಲ್ಲಿ ಅವಳ ತಾಯಿ ಏಕಾಂತಮ್ಮ ನನ್ನನ್ನು ಬೈಯಲಿಲ್ಲ. "ಇಸ್ಕೂಲಿಗೆ ಡೆಸ್ಕು ಬಂದೈತೆ ಅಂತ ಊರೆಲ್ಲಾ ಹೇಳ್ಕಂಡು ಬಂದಿದ್ಲು ಟೀಚರ್," ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಈಗ ಜಂಪಣ್ಣನವರು ಹೊಲದ ಬದುವಿನ ಒಣ ಜಾಲಿಯನ್ನು ಸೀಳಿಸಿ, ಒಂದೊಂದೇ ಡೆಸ್ಕಿಗೆ ಹೊಸ ಹಲಗೆ ಕೂರಿಸುತ್ತಿದ್ದಾರೆ. ಜಾಲಿಯೂ ನಿಮ್ಮ ಪಟ್ಟಿಯಲ್ಲಿಲ್ಲ.

ಹೊಸದುರ್ಗ ರಸ್ತೆಯ ಮರಗಳಿಗೂ ಕಡಿಯಲೆಂದು ನಂಬರು ಬಿದ್ದಾಗಿದೆ. ನಮ್ಮ ಸೀಮೆಯ ಬೇವು, ಜಾಲಿಗಳನ್ನು ಪಟ್ಟಿಗೆ ಸೇರಿಸಿ. ಉಳಿಸಬಹುದಾದ ಮರ ಉಳಿಯಲಿ. ಕಡಿಯಲೇಬೇಕಾದದ್ದರಲ್ಲಿ ಹಲಗೆ ಯಾವುದು, ಸೌದೆ ಯಾವುದು ಎಂದು ಹರಾಜಿಗೆ ಮೊದಲು ಒಬ್ಬ ಬಡಗಿ ನೋಡಿ ಹೇಳಲಿ. ಗರಗಸಕ್ಕಿಂತ ಮುಂಚೆ ನಿಮ್ಮ ಆದೇಶ ಬರಬೇಕು. ಬಾರದಿದ್ದರೆ ನಾನೂ ಮಕ್ಕಳ ತಾಯಂದಿರೂ ಒಂದನೇ ನಂಬರಿನ ಮರದ ಕೆಳಗೆ ಕೂರುತ್ತೇವೆ. ನನಗೆ ನೋಟಿಸು ಕಳುಹಿಸುವುದಿದ್ದರೆ ಆ ವಿಳಾಸಕ್ಕೇ ಕಳುಹಿಸಿ.

ಇಂತಿ,
ಎರಡು ಪತ್ರ ಬರೆದು ತನ್ನ ಕರ್ತವ್ಯ ಮುಗಿಯಿತೆಂದುಕೊಂಡಿದ್ದ
ಜಯಶೀಲಾ, ಸಹಶಿಕ್ಷಕಿ
ಹೊಳಲ್ಕೆರೆ ತಾಲ್ಲೂಕು