ನಿಲುವಿಲ್ಲದವರ ಗಾಡಿ

ಹುಬ್ಬಳ್ಳಿ, ಚಿಕ್ಕಬಾಗಿಲ ಓಣಿ
ಶಕೆ ೨೧೩೧, ಎರಡನೆಯ ಶ್ರಾವಣದ ಮೂವತ್ತೇಳನೆಯ ದಿನ

ಚಿಕ್ಕಬಾಗಿಲ ಓಣಿ ನಿವಾಸಿಗಳ ಸಂಘದ ಹಿರಿಯರಿಗೆ, ನಿಮ್ಮ ಮರಿಮಕ್ಕಳ ಮೊಮ್ಮಕ್ಕಳ ಕಾಲದವನಾದ ಅಡವೆಪ್ಪ ಉಳ್ಳಾಗಡ್ಡಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ಮಳೆ ಬರುವ ತನಕ ಶ್ರಾವಣ ಮುಗಿಯಿತೆಂದು ಹೇಳುವ ಧೈರ್ಯ ನಮ್ಮ ಪಂಚಾಂಗದವರಿಗೆ ಇಲ್ಲವಾಗಿದೆ, ಅಷ್ಟೇ. ನನ್ನ ಮಾತು ಅಲ್ಲಲ್ಲಿ ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಬೇಕು. ಪದಗಳು ನೀವು ಬಿಟ್ಟುಹೋದವೇ, ಅವುಗಳ ಅರ್ಥ ಮಾತ್ರ ಜಾಗ ಬದಲಿಸಿದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಹಿಂದಣ ಟಪಾಲು ನಮ್ಮಲ್ಲಿ ಒಬ್ಬರಿಗೆ ಆಯುಷ್ಯದಲ್ಲಿ ಒಮ್ಮೆ ಮಾತ್ರ ಸಿಗುತ್ತದೆ. ಹೆಚ್ಚಿನವರು ಮುತ್ತಜ್ಜಿಯ ಕ್ಷೇಮ ವಿಚಾರಿಸಿಯೋ, ಉಪ್ಪಿನಕಾಯಿಯ ಹದ ಕೇಳಿಯೋ ಬರೆಯುತ್ತಾರೆ. ನಾನು ನಾಚಿಕೆಯಿಂದ ಬರೆಯುತ್ತಿದ್ದೇನೆ. ಅದರಲ್ಲಿ ನಿಮ್ಮ ಮೇಲಿನ ಸಿಟ್ಟೂ ಸ್ವಲ್ಪ ಬೆರೆತಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ವಿಷಯ ನೀವು ಓಣಿಯ ಬಾಯಿಗೆ ಹಾಕಿದ ಫಲಕದ್ದು. ಬಾಡಿಗೆ ಗಾಡಿ, ಸರಕಿನ ಗಾಡಿಗಳನ್ನು ಓಣಿಯೊಳಗೆ ನಿಲ್ಲಿಸಬಾರದು, ಈ ಬಗ್ಗೆ ನಿವಾಸಿಗಳ ನಿಲುವೇ ಅಂತಿಮ ಎಂದು ಅದರಲ್ಲಿ ಬರೆಸಿದ್ದೀರಿ. ನಿಲುವು ಎಂದರೆ ನಿಮಗೆ ಅಭಿಪ್ರಾಯ. ನಮಗೆ ಅದು ಗಾಡಿ ನಿಲ್ಲುವ ಜಾಗ. ಯಾವ ತಲೆಮಾರಿನಲ್ಲಿ ಯಾವ ಜಾಣ ಅದನ್ನು ಹಾಗೆ ಓದಿದನೋ ಗೊತ್ತಿಲ್ಲ. ಅಂದಿನಿಂದ ಇಂದಿನ ತನಕ ಓಣಿಯಲ್ಲಿ ಗಾಡಿ ನಿಲ್ಲಿಸಲು ಜಾಗ ಇದ್ದವನ ಮಾತಿಗಷ್ಟೇ ಬೆಲೆ. ಜಾಗವಿಲ್ಲದವನು ಎಷ್ಟು ಹೇಳಿದರೂ ಅವನಿಗೆ ನಿಲುವಿಲ್ಲ, ಬಿಡಿ ಎಂದು ನಾವು ಸಲೀಸಾಗಿ ಅನ್ನುತ್ತೇವೆ. ಹಾಗೆನ್ನುವಾಗ ನಮಗೆ ಏನೂ ಅನ್ನಿಸುವುದಿಲ್ಲ.

ನಮ್ಮ ಗಾಡಿಗಳು ಓಡುತ್ತವೆಯೇ ಎಂದು ನೀವು ಕೇಳಬಹುದು. ಇಲ್ಲ. ನನ್ನದು ಅಪ್ಪನ ಕಾಲದಲ್ಲೇ ಓಡುವುದನ್ನು ಬಿಟ್ಟಿದೆ. ಅದರ ನೆತ್ತಿಯ ಮೇಲೆ ನನ್ನ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ, ಹಿಂದಿನ ಸೀಟಿನಲ್ಲಿ ನುಚ್ಚಿನ ಚೀಲಗಳಿವೆ, ಸ್ಟೀರಿಂಗಿಗೆ ಕೊಡೆ ತೂಗುಹಾಕಿದ್ದೇವೆ. ಆದರೂ ಗಾಳಿ ಹಾಕಿಸುತ್ತೇವೆ, ಒರೆಸುತ್ತೇವೆ, ನೂಕಿದರೆ ಉರುಳುವಷ್ಟು ಗಾಲಿಗಳಿಗೆ ಎಣ್ಣೆ ಬಿಡುತ್ತೇವೆ, ಏಕೆಂದರೆ ಅದು ಹೋದರೆ ಜಾಗ ಹೋಯಿತು, ಜಾಗ ಹೋದರೆ ಮಾತು ಹೋಯಿತು. ಹೆಣ್ಣು ಕೊಡಲು ಬಂದವರು ಮೊದಲು ಹುಡುಗನ ಕಡೆಯವರ ನಿಲುವು ಎಲ್ಲಿದೆ ಎಂದು ಕೇಳುತ್ತಾರೆ. ಗಾಡಿಗಳೆಲ್ಲ ಓಣಿಯ ಬಾಯಿಯ ಕಡೆಗೆ ಮುಖ ಮಾಡಿ, ಒಂದರ ಬೆನ್ನಿಗೆ ಒಂದು ಮೂಗು ಒತ್ತಿಕೊಂಡು, ಒಂದೇ ಸಾಲಿನಲ್ಲಿ ನಿಂತಿವೆ. ಗೋಡೆಗೂ ಸಾಲಿಗೂ ನಡುವೆ ಒಬ್ಬ ಮನುಷ್ಯ ಅಡ್ಡಡ್ಡವಾಗಿ ನುಸುಳಬಹುದು. ಹೊಟ್ಟೆ ಬಂದವರು ಉಸಿರು ಬಿಗಿಹಿಡಿಯಬೇಕು.

ಈ ಓಣಿಯವರ ಗಾಡಿಗಳಲ್ಲಿ ನಿಜವಾಗಿ ಓಡುವುದು ಒಂದೇ, ಫಕ್ಕೀರವ್ವನ ರೊಟ್ಟಿಗಾಡಿ. ಆಕೆ ಅದರಲ್ಲೇ ಜೋಳದ ರೊಟ್ಟಿ ಬಡಿದು ಬೇಯಿಸಿ ಊರೆಲ್ಲ ಹಂಚುತ್ತಾಳೆ. ನಮ್ಮ ಮನೆಗಳಲ್ಲಿ ಕೈಗಳು ರೊಟ್ಟಿ ಬಡಿಯುವುದನ್ನು ಎಂದೋ ಮರೆತಿವೆ, ಎಲ್ಲರೂ ತಿನ್ನುವುದು ಆಕೆಯದನ್ನೇ. ದುಡಿಮೆಗೆ ಓಡುವ ಗಾಡಿಯನ್ನು ನಾವು ಗೇಯ್ಮೆಗಾಡಿ ಎನ್ನುತ್ತೇವೆ, ಅದಕ್ಕೆ ನಿಲುವಿಲ್ಲ. ಓಣಿಯ ಕೊನೆಗೆ, ತನ್ನ ಕೋಣೆಯ ಪಕ್ಕದ ಬಿದ್ದ ಮನೆಯ ಹಾಳುಜಾಗದಲ್ಲಿ ಆಕೆ ಅದನ್ನು ನಿಲ್ಲಿಸುತ್ತಿದ್ದಳು. ಹಿತ್ತಲ ಕಡೆಯಿಂದ ಅಲ್ಲಿಗೊಂದು ದಾರಿಯಿತ್ತು. ಈ ಬೇಸಿಗೆಯಲ್ಲಿ ಆ ಮನೆ ಮತ್ತೆ ಎದ್ದಿತು, ದಾರಿಗೂ ಬೀಗದ ಬಾಗಿಲು ಬಿತ್ತು. ಅಂದಿನಿಂದ ಗಾಡಿ ಊರಾಚೆಯ ಕೆರೆಬಯಲಿನಲ್ಲಿ, ಆಕೆ ಬಿಸಿಲಿನಲ್ಲಿ.

ಕೋಣೆಯಲ್ಲಿ ಗಂಡ ನಿಂಗರಾಜ ಮಲಗಿದ್ದಾನೆ. ಸೊಂಟದಿಂದ ಕೆಳಗೆ ಅವನಿಗೆ ಸ್ವಾಧೀನವಿಲ್ಲ. ಆಗಾಗ ಮಗ್ಗುಲು ತಿರುಗಿಸದಿದ್ದರೆ ಬೆನ್ನಿನ ಹುಣ್ಣು ಬಾಯಿಬಿಡುತ್ತದೆ. ಮೊದಲು ಆಕೆ ಒಂದೊಂದು ಸುತ್ತು ಮುಗಿದಾಗಲೂ ಬಂದು ತಿರುಗಿಸಿ, ನೀರು ಕುಡಿಸಿ ಹೋಗುತ್ತಿದ್ದಳು. ಬಯಲಿನಿಂದ ನಡೆದು ಬರುವುದೆಂದರೆ ಅರ್ಧ ಹಗಲು ಹೋಯಿತು. ಅವನು ಹುಟ್ಟಿದ್ದು ಈ ಓಣಿಯಲ್ಲಿ. ಕಿಟಕಿಯಿಂದ ನಮ್ಮ ಜಗಳಗಳನ್ನು ಕೇಳುವುದೇ ಅವನಿಗೆ ಉಳಿದ ಸುಖ. ಗಾಡಿಗೆ ಇಲ್ಲಿ ಜಾಗ ಸಿಗದಿದ್ದರೆ ಇಬ್ಬರೂ ಓಣಿ ಬಿಟ್ಟು ಬಯಲಿಗೇ ಹೋಗಬೇಕು. ಫಕ್ಕೀರವ್ವ ಓಣಿಯವರು ಸೇರುವ ಕಟ್ಟೆಗೆ ಬಂದು ಕೇಳಿದಳು. "ನನಗ ನಿಲುವು ಬ್ಯಾಡ್ರಿ, ನಿಮ್ಮ ಪಂಚಾಯ್ತಿನೂ ಬ್ಯಾಡ. ನಾಕು ಮೊಳ ಜಾಗ ಕೊಡ್ರಿ ಸಾಕು. ಇವರ ಮಗ್ಗಲಾ ತಿರುವಿ ಮತ್ತ ಹೋಗತೇನಿ."

ಇಂಥದ್ದನ್ನು ತೀರ್ಮಾನಿಸಲು ನಮಗೊಂದು ನಿಲುವುದಿನವಿದೆ. ಒಪ್ಪಿಗೆಯಿದ್ದವರು ಹೊತ್ತು ಮುಳುಗುವುದರೊಳಗೆ ತಮ್ಮ ಗಾಡಿಯನ್ನು ನಾಲ್ಕು ಮೊಳ ಮುಂದಕ್ಕೆ ನೂಕಬೇಕು. ನಿಂತಲ್ಲೇ ನಿಂತರೆ ಒಪ್ಪಿಗೆಯಿಲ್ಲವೆಂದು ಅರ್ಥ. ಎಲ್ಲರೂ ಮುಂದೆ ಸರಿದರೆ ಸಾಲಿನ ಬಾಲದಲ್ಲಿ, ಸರಿಯಾಗಿ ಫಕ್ಕೀರವ್ವನ ಬಾಗಿಲೆದುರು, ಬೇಕಾದಷ್ಟೇ ಜಾಗ ತಾನಾಗಿ ತೆರೆಯುತ್ತದೆ. ಓಣಿ ಒಪ್ಪಿದರೆ ಗಾಡಿ ಅಲ್ಲಿಗೆ ಬರಲು ಹಿತ್ತಲ ದಾರಿಯ ಬೀಗವನ್ನೂ ತೆಗೆಯಬೇಕು. ಸಾಲಿನ ಮೊದಲ ಗಾಡಿ ಮಾತ್ರ ಓಣಿಯ ಗಡಿಕಲ್ಲು ದಾಟಬೇಕಾಗುತ್ತದೆ. ಕಲ್ಲು ದಾಟಿದ ಗಾಡಿಗೆ ನಿಲುವು ಹೋದಂತೆ, ಮತ್ತೆ ಸಿಗುವುದಿಲ್ಲ.

ಮೊದಲ ಗಾಡಿ ಸಾವಂತ್ರಕ್ಕನದು. ವಿಧವೆ. ಮನೆಯಲ್ಲಿ ಕಾಲು ಚಾಚಲು ಜಾಗವಿಲ್ಲದೆ ಆಕೆಯ ಬಾಣಂತಿ ಮಗಳು ಕೂಸಿನೊಂದಿಗೆ ಮಲಗುವುದು ಆ ಗಾಡಿಯೊಳಗೇ. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೆಂದು ಎಲ್ಲರೂ ಎಲ್ಲರ ಮುಖ ನೋಡಿದರು, ಆಮೇಲೆ ಎಲ್ಲರೂ ಆಕೆಯ ಮುಖವನ್ನೇ ನೋಡಿದರು. ನಾವೆಲ್ಲ ನಮ್ಮ ನಮ್ಮ ಗಾಡಿಗಳ ಬೆನ್ನಿಗೆ ಕೈ ಕೊಟ್ಟು, ನೂಕಲು ಸಿದ್ಧರಾಗಿ, ಭಲೇ ಉದಾರಿಗಳಂತೆ ನಿಂತಿದ್ದೆವು. ಎಲ್ಲರಿಗಿಂತ ದೊಡ್ಡ ಗಂಟಲು ನನ್ನದೇ. "ಸರೀರಿ ಸಾವಂತ್ರಕ್ಕ! ನಿಮ್ಮ ಹಿಂದ ನಾವೆಲ್ಲಾ ಅದೇವಿ!"

ಆಕೆ ತಿರುಗಿ ನೋಡಿ, "ಹಿಂದ ಇರಾಕ ಎಲ್ಲಾರೂ ಇರತಾರ್ರಿ. ಮುಂದ ಯಾರದಾರ, ಹೇಳ್ರಿ," ಎಂದಳು.

ಅಕ್ಕಾ, ನೀವು ದಾಟಿರಿ, ನನ್ನ ಗಾಡಿ, ಜಾಗ ಎರಡೂ ನಿಮಗಿರಲಿ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನನ್ನ ಗಾಡಿಯಲ್ಲಿ ಯಾವ ಬಾಣಂತಿಯೂ ಮಲಗಿರಲಿಲ್ಲ, ಇದ್ದದ್ದು ನುಚ್ಚಿನ ಚೀಲ. ನನ್ನ ಹಿಂದೆ ಮುಂದೆ ನಿಂತವರಿಗೂ ಆ ಮಾತು ಬಂದಿತ್ತೆಂದು ಅವರ ಮುಖ ನೋಡಿಯೇ ಹೇಳಬಲ್ಲೆ. ಎಲ್ಲರೂ ಅದನ್ನು ನುಂಗಿದೆವು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಹೊತ್ತು ಮುಳುಗಿತು, ಯಾವ ಗಾಡಿಯೂ ಅಲುಗಲಿಲ್ಲ. ಓಣಿಯ ನಿಲುವು ಒಮ್ಮತದಿಂದ ಇಲ್ಲ ಎಂದಾಯಿತು. ಸಾವಂತ್ರಕ್ಕ ಗಾಡಿಯ ಬಾಗಿಲು ಹಿಡಿದು ಅತ್ತಳು. ಫಕ್ಕೀರವ್ವ ಅಳಲಿಲ್ಲ. ಮರುದಿನವೂ ಬುಟ್ಟಿ ಹೊತ್ತು ಬಂದು ಮನೆಮನೆಗೆ ರೊಟ್ಟಿ ಕೊಟ್ಟಳು, ನಾವು ತೆಗೆದುಕೊಂಡೆವು. ರೊಟ್ಟಿ ಎಂದಿನ ಹಾಗೆ ಮೆತ್ತಗಿತ್ತು. ನಾನೂ ತಿಂದೆ.

ಇಂದು ಬೆಳಿಗ್ಗೆ ಅವರು ಓಣಿ ಬಿಟ್ಟರು. ಓಣಿ ಒಪ್ಪದ ಮೇಲೆ ಹಿತ್ತಲ ಬೀಗ ತೆಗೆಯುವಂತಿಲ್ಲ, ಗೇಯ್ಮೆಗಾಡಿ ಸಾಮಾನು ಹೇರಲಿಕ್ಕೂ ಗಡಿಕಲ್ಲಿನ ಒಳಗೆ ಬರುವಂತಿಲ್ಲ, ಫಕ್ಕೀರವ್ವ ಅದನ್ನು ಓಣಿಯ ಬಾಯಿಯ ಹೊರಗೆ ತಂದು ನಿಲ್ಲಿಸಿದ್ದಳು. ನಿಂಗರಾಜನ ಮಂಚ ಗೋಡೆಗೂ ಸಾಲಿಗೂ ನಡುವಿನ ಸಂದಿಯಲ್ಲಿ ಹಿಡಿಸಲಿಲ್ಲ. ಓರೆ ಮಾಡಿದರೆ ಅವನು ಜಾರುತ್ತಾನೆ. ಕೊನೆಗೆ ಮಂಚವನ್ನು ಗಾಡಿಗಳ ಮೇಲಿಂದಲೇ ಸಾಗಿಸುವುದೆಂದು ಠರಾಯಿಸಿದೆವು. ಗಂಡಸರು, ಹೆಂಗಸರು, ನಿಲುವಿದ್ದವರು, ಇಲ್ಲದವರು, ಕರೆಯದೆಯೇ ಹೊರಗೆ ಬಂದರು. ಸಂದಿಯುದ್ದಕ್ಕೂ ನಿಂತು, ಬಾನೆಟ್ಟುಗಳ ಮೇಲೂ ಹತ್ತಿ, ಮಂಚವನ್ನು ತಲೆಯ ಮೇಲೆ ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತ ಹೋದೆವು. ನನ್ನ ಗಾಡಿಯ ಸಂಡಿಗೆಗಳು ಪುಡಿಯಾದವು. ನನ್ನ ಹೆಂಡತಿಯೂ ಮಂಚದ ಕಾಲಿಗೆ ಕೈ ಕೊಟ್ಟಿದ್ದಳು. ಮೇಲಿನಿಂದ ನಿಂಗರಾಜ ಕೂಗಿದ. "ಕೈ ಸೋತ್ರ ಹೇಳ್ರೆಪಾ. ಯಾರದರ ಗಾಡಿ ಮ್ಯಾಲ ಇಡ್ರಿ, ನನಗೂ ಒಂದ್ ನಿಲುವು ಸಿಕ್ಕಂಗ ಆಗತೈತಿ!" ಮೊದಲು ಎಲ್ಲರೂ ನಕ್ಕರು. ಆಮೇಲೆ ಮಂಚವನ್ನು ಇನ್ನೂ ಮೇಲಕ್ಕೆತ್ತಿದರು. ಗಡಿಕಲ್ಲಿನ ಹತ್ತಿರ ಕೊನೆಯದಾಗಿ ಅವನನ್ನು ಹೊತ್ತವಳು ಸಾವಂತ್ರಕ್ಕ. ಗಾಡಿ ದಾಟಿಸದ ಕಲ್ಲನ್ನು ಆಕೆ ಕಾಲ್ನಡಿಗೆಯಲ್ಲೇ ದಾಟಿದಳು.

ಹಿರಿಯರೇ, ಓಣಿ ಇಕ್ಕಟ್ಟೆಂಬುದು ಸುಳ್ಳಲ್ಲ, ರಾತ್ರಿ ಬಂದು ನಿಂತ ಲಾರಿಯ ಹೊಗೆ ಕುಡಿದವರಿಗೆ ನಿಯಮ ಬೇಕೆನಿಸುವುದೂ ಸಹಜ. ಮಾಡಿರಿ. ಆದರೆ ಫಲಕ ಬರೆಸುವ ಮೊದಲು ಆ ಗಾಡಿ ಯಾರದು, ಅವರಿಗಾಗಿ ಯಾವ ಕೋಣೆಯಲ್ಲಿ ಯಾರು ಕಾಯುತ್ತಿದ್ದಾರೆ ಎಂದು ಒಮ್ಮೆ ಬಾಗಿಲು ತಟ್ಟಿ ಕೇಳಿ. ಇಷ್ಟೇ ನನ್ನ ಬೇಡಿಕೆ. ನಿಮ್ಮ ಸಭೆಗಳಲ್ಲಿ ಕೈ ಎತ್ತಿ ತೀರ್ಮಾನಿಸುವ ಪದ್ಧತಿಯಿತ್ತೆಂದು ಎಲ್ಲೋ ಓದಿದ್ದೇನೆ. ಇಂದು ಬೆಳಿಗ್ಗೆ ನಿಂಗರಾಜ ಹೋಗುವಾಗ ಚಿಕ್ಕಬಾಗಿಲ ಓಣಿಯಲ್ಲಿ ಎಲ್ಲರ ಕೈಗಳೂ ಮೇಲಿದ್ದವು. ಅದನ್ನು ಲೆಕ್ಕಕ್ಕೆ ಹಿಡಿಯುವ ರೂಢಿ ನಮ್ಮಲ್ಲಿಲ್ಲ. ನಿಮ್ಮಲ್ಲಿ ಇನ್ನೂ ಇದೆ.